ನೂಲು ಕಟ್ಟಿದ ಮಗ್ಗುಲು

"ಎಂಟು, ಒಂಬತ್ತು, ಹತ್ತು."

ಎಣಿಕೆ ಮುಗಿದೊಡನೆ ಆಸ್ಪತ್ರೆಯ ಲ್ಯಾಬಿನ ಬಣ್ಣದಕ್ಕ ಗಾಜಿನ ಸ್ಲೈಡನ್ನು ನೀಲಿ ಬಣ್ಣದಿಂದೆತ್ತಿ ನೀರಿಗಿಳಿಸಿದಳು, ನೀರಿನಿಂದ ಗುಲಾಬಿಗೆ. ಬೆಳಗಿನಿಂದ ಅವಳು ಕೊಯ್ದು ಬಣ್ಣ ಹಾಕಿದ ಅಂಗಾಂಶದ ಚೂರುಗಳಲ್ಲಿ ಇದು ಒಂಬತ್ತನೆಯದು. ಸೊಂಟ ಮಧ್ಯಾಹ್ನಕ್ಕೇ ಮುಷ್ಕರ ಹೂಡಿತ್ತು. ಈಗ ಕಣ್ಣುಗಳೂ ಅದರ ಪಕ್ಷ ಸೇರಿದ್ದವು.

ಗೋಡೆಯಾಚೆ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಒಬ್ಬ ಬಸ್ ಚಾಲಕ ಮಲಗಿದ್ದ. ಮೇದೋಜೀರಕ ಗ್ರಂಥಿಯ ತಲೆಭಾಗವನ್ನು ಗಡ್ಡೆಯ ಸಮೇತ ತೆಗೆದಾಗಿತ್ತು. ಕತ್ತರಿಸಿದ ಅಂಚಿನ ಮೊದಲ ಚೂರಿನಲ್ಲಿ ಕ್ಯಾನ್ಸರ್ ಕಂಡಿದ್ದರಿಂದ, ಸರ್ಜನ್ ಉಳಿದ ಗ್ರಂಥಿಯಿಂದ ಇನ್ನೊಂದು ತೆಳು ಬಿಲ್ಲೆ ಕೊಯ್ದು ಕಳುಹಿಸಿದ್ದರು. ಇದರ ಅಂಚಿನಲ್ಲೂ ರೋಗವಿದ್ದರೆ ಗ್ರಂಥಿ ಪೂರ್ತಿ ಹೋಗುತ್ತದೆ. ಆಮೇಲೆ ಬದುಕಿರುವಷ್ಟು ದಿನವೂ ಇನ್ಸುಲಿನ್ ಸೂಜಿ.

"ಸೂಜಿ ಚುಚ್ಕೊಳ್ಳೋನ ಕೈಗೆ ಬಸ್ ಯಾರು ಕೊಡ್ತಾರಕ್ಕಾ?" ಎಂದು ಚೂರಿನ ಡಬ್ಬಿ ತಂದಿಟ್ಟ ಅಟೆಂಡರ್ ಗೊಣಗಿ ಹೋಗಿದ್ದ.

ಪೆಥಾಲಜಿ ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವಳನ್ನು 'ಅಕ್ಕ' ಎಂದೇ ಕರೆಯುತ್ತಿದ್ದರು. ಒಂದು ನಿಮಿಷದಲ್ಲೇ ಅವರ ಹೆಗಲು ಕುಸಿಯಿತು.

"ಛೆ! ಇದ್ರಲ್ಲೂ ಇದೆಯಲ್ಲಕ್ಕಾ."

ಫೋನಿನಲ್ಲಿ ವಿಷಯ ಕೇಳಿ ಸರ್ಜನ್ ಅಂದರು, "ಸರಿ. ಹಾಗಾದ್ರೆ ಪೂರ್ತಿ ತೆಗೀತೀನಿ."

ಬಣ್ಣದಕ್ಕ ಚೂರಿನೊಂದಿಗೆ ಬಂದಿದ್ದ ಚೀಟಿಯನ್ನು ರಿಜಿಸ್ಟರಿಗೆ ಅಂಟಿಸಲೆಂದು ಕೈಗೆತ್ತಿಕೊಂಡಳು. ಅಂಟಿನ ಕುಂಚ ಅರ್ಧದಲ್ಲೇ ನಿಂತಿತು. ಚೀಟಿಯ ಕೊನೆಯ ಸಾಲು: 'ನೂಲು ಗಡ್ಡೆಯ ಕಡೆಗೆ.'

ಬಿಲ್ಲೆಗೆ ಎರಡು ಮುಖ. ಒಂದು ಗಡ್ಡೆಯಿದ್ದ ಕಡೆಯದು, ಇನ್ನೊಂದು ದೇಹದಲ್ಲಿ ಉಳಿಯುವ ಕಡೆಯದು. ನೋಡಬೇಕಾದದ್ದು ಉಳಿಯುವ ಕಡೆಯನ್ನು. ಹಿರಿಯ ಸರ್ಜನ್ ಹದಿನೆಂಟು ವರ್ಷಗಳಿಂದ ಗುರುತಿನ ನೂಲನ್ನು ಆ ಮುಖಕ್ಕೇ ಕಟ್ಟುತ್ತಿದ್ದರು. ಅವರು ರಜೆಯಲ್ಲಿದ್ದರು. ಇಂದಿನವರು ಹೊಸಬರು, ಬೇರೆ ಕಡೆ ಕಲಿತವರು. ಅವಳು ಚೀಟಿ ಓದದೆ, ಕೈಯ ರೂಢಿಯಂತೆ ನೂಲನ್ನು ಕತ್ತರಿಸಿ, ನೂಲಿದ್ದ ಮುಖವನ್ನೇ ಬ್ಲೇಡಿಗೆ ಒಡ್ಡಿದ್ದಳು. ಡಾಕ್ಟರು ನೋಡಿದ್ದು ಹೇಗೂ ರೋಗವಿರಬಹುದಾದ ಮಗ್ಗುಲನ್ನು. ನೋಡಬೇಕಾದ ಮುಖ ಕೊಯ್ಯುವ ಯಂತ್ರದ ಶೀತಪೆಟ್ಟಿಗೆಯೊಳಗೆ, ಲೋಹದ ಪೀಠಕ್ಕೆ ಕವುಚಿಕೊಂಡು ಹೆಪ್ಪುಗಟ್ಟಿತ್ತು.

ಚೀಟಿಯನ್ನು ಅಂಟಿಸಿ ಪುಟ ಮಗುಚಿದರೆ ಮುಗಿಯಿತು. ಆ ರಿಜಿಸ್ಟರನ್ನು ಯಾರೂ ತೆರೆದು ನೋಡಿದವರಿಲ್ಲ. ಕುಂಚದ ತುದಿಯಿಂದ ಅಂಟು ಮೇಜಿನ ಮೇಲೆ ತೊಟ್ಟಿಕ್ಕಿತು.

"ಡಾಕ್ಟ್ರೇ, ಫೋನ್ ಮಾಡಿ. ಕೈ ತಡೀಲಿ ಅನ್ನಿ ಅವ್ರಿಗೆ."

"ಏನಾಯ್ತು?"

"ಚೂರನ್ನ ತಲೆಕೆಳಗೆ ಇಟ್ಬಿಟ್ಟಿದ್ದೀನಿ. ಮೊದ್ಲು ಫೋನ್ ಮಾಡಿ, ಆಮೇಲೆ ಬಯ್ಯಿರಿ."

ಆ ಕಡೆ ಫೋನು ಐದು ಸಲ ಬಡಿದುಕೊಂಡ ಮೇಲೆ ಯಾರೋ ಎತ್ತಿದರು. ಡಾಕ್ಟರು ವಿಷಯ ಹೇಳುತ್ತಿದ್ದಂತೆ ಸರ್ಜನ್ ಸ್ವರ ಇಡೀ ಕೋಣೆಗೆ ಕೇಳಿಸಿತು. "ಬರೆದಿದ್ದೆನಲ್ರೀ! ನಿಮ್ಮ ಬಣ್ಣದಕ್ಕಂಗೆ ಓದೋಕೆ ಬರಲ್ವಾ, ಇಲ್ಲಾ ನನ್ನ ಅಕ್ಷರ ಅಷ್ಟು ಕೆಟ್ಟದಾ?"

"ಅಕ್ಷರ ಮುತ್ತಿನ ಹಾಗಿದೆ ಸಾರ್," ಅವಳು ದೂರದಿಂದಲೇ ಹೇಳಿದಳು. "ತಪ್ಪು ನಂದೇ. ಹತ್ತು ನಿಮಿಷ ಕೊಡಿ."

"ಎಂಟು."

ಚೂರು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಒಳಗೆ ಹರಳುಗಳೆದ್ದು ಜರಡಿಯಂತಾಗುತ್ತದೆ. ಆಮೇಲೆ ಯಾವ ಕಣ್ಣಿಗೂ ಏನೂ ತಿಳಿಯದು. ಕರಗಿಸದೆ ಬಿಡಿಸಬೇಕು. ಅವಳು ಕೈಗವಸು ಕಳಚಿ, ಬೆರಳಿನ ಬಿಸಿಯಷ್ಟೇ ತಾಗಲೆಂದು ಲೋಹದ ಪೀಠದ ತಳಕ್ಕೆ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದಳು. ಚಳಿ ಮೊದಲು ಚುಚ್ಚಿತು, ಆಮೇಲೆ ಸುಟ್ಟಿತು. ಕೊನೆಗೆ ಬೆರಳೇ ಇಲ್ಲವೆನಿಸಿದಾಗ, 'ಟಿಕ್' ಎಂದು ಚೂರು ಸಡಿಲಾಯಿತು. ಚಿಮಟದಿಂದ ಮಗುಚಿ, ಚೂರನ್ನು ಹಿಡಿದಿಡುವ ಹೊಸ ಲೇಪದ ಮೇಲೆ ಕೂರಿಸಿದಳು.

ಬ್ಲೇಡು ಕೊಯ್ದ ಮೊದಲ ಪದರ ಹರಿದುಹೋಯಿತು. ಎರಡನೆಯದು ಸುರುಳಿ ಸುತ್ತಿಕೊಂಡಿತು.

"ಅಕ್ಕಾ, ನಾಲ್ಕೇ ನಿಮಿಷ."

"ಗಡಿಯಾರ ನೋಡೋದು ಬಿಟ್ಟು ಆ ಕಿಟಕಿ ಕಡೆ ತಿರುಗ್ಕೊಳ್ಳಿ ಡಾಕ್ಟ್ರೇ. ನಿಮ್ಮ ಉಸಿರೇ ತಾಗ್ತಿದೆ ನಂಗೆ."

ಮೂರನೆಯ ಪದರ ಉಸಿರು ಬಿಟ್ಟಂತೆ ಗಾಜಿನ ಮೇಲೆ ಹರಡಿಕೊಂಡಿತು. ನೀಲಿ, ನೀರು, ಗುಲಾಬಿ. ಅವಸರವಿದ್ದರೂ ಎಣಿಕೆಯಲ್ಲಿ ಒಂದಂಕೆಯನ್ನೂ ಅವಳು ಹಾರಿಸಲಿಲ್ಲ.

ಡಾಕ್ಟರು ಸ್ಲೈಡನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದರು. ಹಿಂದಕ್ಕೆ ಬಂದರು. ಮತ್ತೆ ಸರಿಸಿದರು. ಫೋನು ಬಡಿದುಕೊಂಡಿತು, ಅವರು ಕಣ್ಣೆತ್ತದೆಯೇ ಕೈ ಚಾಚಿದರು.

"ಅಂಚು ಶುದ್ಧವಾಗಿದೆ. ಹೌದು, ಉಳಿಯೋ ಕಡೆಯದೇ. ಖಂಡಿತ."

ಸರ್ಜನ್, "ಉಳಿದದ್ದಕ್ಕೆ ಕೈ ಹಾಕಿರಲಿಲ್ಲ ಇನ್ನೂ. ಹೊಲೀತೀನಿ," ಎಂದು ಇಟ್ಟುಬಿಟ್ಟರು.

ಡಾಕ್ಟರು ಮುಖ ಒರೆಸಿಕೊಂಡರು. ಬಣ್ಣದಕ್ಕ ರಿಜಿಸ್ಟರನ್ನು ಎಳೆದುಕೊಂಡಳು.

"ಚೀಟೀನ ಇಬ್ರೂ ನೋಡ್ಬೇಕಿತ್ತು ಅಂತ ನಾನೇ ಬರೀತೀನಿ ಬಿಡಕ್ಕಾ."

"ನಿಮ್ದು ನೀವು ಬರೀರಿ. ನಂದು ನಾನು ಬರೀಬೇಕು."

ಮರಗಟ್ಟಿದ ಹೆಬ್ಬೆರಳಿಗೆ ಪೆನ್ನು ಸಿಗಲಿಲ್ಲ. ಎರಡು ಸಲ ಜಾರಿ ಬಿತ್ತು. ಅಟೆಂಡರ್ ಬಾಗಿಲು ನೂಕಿಕೊಂಡು ಬಂದು ಮತ್ತೊಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಸ್ವಲ್ಪ ಇರಪ್ಪಾ," ಎಂದು ಅವಳು ಬೆಳ್ಳಗಾದ ಹೆಬ್ಬೆರಳನ್ನು ಎಡಗೈ ಮುಷ್ಟಿಯಲ್ಲಿ ಮುಚ್ಚಿಕೊಂಡು, ಅದಕ್ಕೆ ಜೀವ ಬರುವುದನ್ನೇ ಕಾಯುತ್ತಾ ಕುಳಿತಳು.