ಮಂಜಿಗೆ ಕೂಗುವ ಸೈರನ್ನು

ತಮ್ಮನನ್ನು ನೋಡಲೆಂದು ಬಯಲಿನಿಂದ ಬಸ್ಸು ಹತ್ತಿ ಬಂದ ಅಕ್ಕನಿಗೆ ಅವನ ಬೆಟ್ಟದೂರಿನ ಪುರಸಭೆ ಕಂಡದ್ದು ಅಂಗೈಯಗಲ. ಒಂದು ಬೀದಿ, ಅದರ ತುದಿಗೆ ಕಚೇರಿ, ಕಚೇರಿಯ ಬೆನ್ನಿಗೇ ಕಾಡು. ತಾರಸಿಯ ಮೇಲಿನ ಕೋಣೆಯಲ್ಲಿ ತಮ್ಮ ಸೈರನ್ನಿನ ಗುಂಡಿಯ ಮುಂದೆ ಕೈಕಟ್ಟಿ ಕೂತಿದ್ದ.

“ಏನೋ, ಇಷ್ಟೇನಾ ನಿನ್ನ ಸರ್ಕಾರ?”

“ಇಷ್ಟೇ ಅಕ್ಕ. ಅದೂ ದಿನಗೂಲಿ.”

ನಗುತ್ತ ಹೇಳಿದನಾದರೂ ಅವನ ಕಣ್ಣು ಕಿಟಕಿಯಲ್ಲೇ ಇತ್ತು. ಮಂಜು ಇಳಿಯುತ್ತಿತ್ತು. ಸೌದೆಗೆ ಹೋದ ಹೆಂಗಸರು ಇನ್ನೂ ಕಾಡಿನೊಳಗಿದ್ದರು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಮಂಜು ಕವಿದರೆ ಸೈರನ್ನನ್ನು ತಡೆತಡೆದು ಕೂಗಿಸುವುದು, ಆ ಸದ್ದಿನ ಜಾಡು ಹಿಡಿದು ಅವರು ಊರು ಸೇರುವುದು ಹಿಂದಿನಿಂದ ನಡೆದುಬಂದದ್ದು. ಹೊಸ ಮುಖ್ಯಾಧಿಕಾರಿ ಅದನ್ನು ನಿಲ್ಲಿಸಿದ್ದರು. ಪ್ರವಾಸಿಗಳ ನೆಮ್ಮದಿ ಕೆಡುತ್ತದಂತೆ. ಇನ್ನೊಮ್ಮೆ ಕೂಗಿಸಿದರೆ ಕೆಲಸಕ್ಕೇ ಬರಬೇಡ ಎಂದಿದ್ದರು. ಸೌದೆ ಹೊರುವವಳ ಜೀವ ಯಾರ ನೆಮ್ಮದಿಯ ಲೆಕ್ಕಕ್ಕೂ ಬಂದಿರಲಿಲ್ಲ.

ಬೇಲಿಯಾಚೆಯ ಮರಗಳು ಮಾಯವಾದವು. ತಮ್ಮನ ಕೈ ಗುಂಡಿಯವರೆಗೆ ಹೋಗಿ ಹಿಂದೆ ಬಂತು.

“ಸರಿಯೋ ಆಚೆ,” ಎಂದಳು ಅಕ್ಕ. “ನಾನು ಹೊರಗಿನವಳು. ನನ್ನನ್ನ ಯಾವ ಕೆಲಸದಿಂದ ತೆಗೀತಾನೆ ನಿಮ್ಮ ಸಾಹೇಬ?”

ಅವನು ಬಾಯಿ ಬಿಡುವಷ್ಟರಲ್ಲಿ ಗುಂಡಿಯನ್ನು ಒತ್ತಿ ಹಿಡಿದೇಬಿಟ್ಟಳು. ಸೈರನ್ನು ಉದ್ದಕ್ಕೆ ಅರಚಿತು.

ತಮ್ಮ ಎದ್ದು ಅವಳ ತೋಳು ಹಿಡಿದ. “ಅಯ್ಯೋ, ಬಿಡಕ್ಕ! ಒಂದೇ ಸಮ ಕೂಗಿದ್ರೆ ಬೆಂಕಿ ಅಂತ. ಎಲ್ಲರೂ ಊರಿನ ದಾರಿ ಬಿಟ್ಟು ಹಳ್ಳದ ನೀರಿನ ಕಡೆ ಓಡ್ತಾರೆ!”

ಬೆಂಕಿ ತಾಗಿದವಳಂತೆ ಅವಳು ಕೈ ಎಳೆದುಕೊಂಡಳು. “ಮತ್ತೆ ಹೇಗೆ ಒತ್ತಬೇಕೋ? ಹೇಳು, ಹಾಗೇ ಒತ್ತೀನಿ.”

“ಬೇಡ. ಅವರ ಕಿವಿಗೆ ಗೊತ್ತಿರೋದು ನನ್ನ ಕೈ.”

ಅವನ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಕೂಗು, ಬಿಡುವು, ಕೂಗು, ಬಿಡುವು. ತೊಟ್ಟಿಲು ತೂಗಿದಂತೆ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದ್ದೇ ಅಕ್ಕ ಬಾಗಿಲು ದೂಡಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಯಾರು ಒಳಗೆ? ತೆಗೀರಿ ಬಾಗಿಲು!” ಮುಖ್ಯಾಧಿಕಾರಿಯ ಗಂಟಲು.

“ಸ್ವಲ್ಪ ತಡೀರಿ ಸ್ವಾಮಿ. ನಮ್ಮನೆ ಹುಡುಗಿ ಬರೋದಿದೆ.”

ಬಿಳುಪಿನೊಳಗಿಂದ ತಲೆಹೊರೆಯೊಂದು ಮೂಡಿತು, ಅದರ ಹಿಂದೆ ಇನ್ನೊಂದು. ಆಮೇಲೆ ಬಂದವಳ ತಲೆಯ ಮೇಲೆ ಹೊರೆ ಇರಲಿಲ್ಲ. ಬೆನ್ನಿನ ಮೇಲೆ, ಸೌದೆಗೆ ಹೋದವರಲ್ಲೇ ಒಬ್ಬ ಅಜ್ಜಿಯಿದ್ದಳು. ಹೊತ್ತು ಬಂದವಳು ತಮ್ಮನ ಹೆಂಡತಿಯೇ! ಅಂಗಳದಿಂದಲೇ ಕೂಗಿದಳು:

“ರೀ, ಮೊದಲು ಬೆಂಕಿ ಅಂತ ಅರಚಿಸಿದ ಪುಣ್ಯಾತ್ಮ ಯಾರು? ಓಡಿ ಓಡಿ ಚಪ್ಪಲಿ ಹೋಯ್ತು!”

“ನಾನೇ ಕಣೇ, ನಿನ್ನ ಅತ್ತಿಗೆ! ಹೊಸದು ಕೊಡಿಸ್ತೀನಿ ಬಾ!”

ತಮ್ಮ ನಗಲು ಹೋಗಿ ಅತ್ತ. ಕಿಟಕಿಗೆ ಬಾಗಿ, “ಎಲ್ಲರೂ ಬಂದ್ರೇನೇ?” ಎಂದ.

“ಇನ್ನಿಬ್ಬರು ಹಿಂದಿದ್ದಾರೆ.”

ಅವನು ಗುಂಡಿಯಿಂದ ಕೈ ತೆಗೆಯಲಿಲ್ಲ. ಅಕ್ಕ ಬಾಗಿಲಿನಿಂದ ಬೆನ್ನು ತೆಗೆಯಲಿಲ್ಲ.