ಚಂದುವಿನ ಪಾಲು

ಪಕ್ಕದ ಮನೆಯ ನಾಹಿದ್ ಡಬ್ಬಿ ವಾಪಸು ಕೊಡಲು ಬಂದಿದ್ದಳು. ಅವಳೇನು ಹೊಸಬಳಲ್ಲ. ಆದರೂ ಉಮಾದೇವಿಯ ಮನೆಯ ನಾಯಿ ಚಂದು ಪಡಸಾಲೆಯಿಂದ ಹಾರಿ ಬಂದು ಅವಳ ಕಾಲಿಗೆ ಬಾಯಿ ಹಾಕಿತು. ಸಲ್ವಾರ್ ಹರಿಯಿತು, ಹಿಮ್ಮಡಿಯ ಮೇಲೆ ಹಲ್ಲು ತಾಗಿ ರಕ್ತ ಜಿನುಗಿತು. ಉಮಾದೇವಿ ಗಾಯಕ್ಕೆ ಸಾಬೂನು ಹಚ್ಚಿ ನಳದ ನೀರಿನಡಿ ಬಹಳ ಹೊತ್ತು ತೊಳೆದಳು. ಆಮೇಲೆ ಮಾನ್ವಿಯ ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಹಾಕಿಸಿದಳು.

"ನಿಮ್ಮ ಚಂದುಗ ನನ್ನ ಡ್ರೆಸ್ಸು ಹಿಡಿಸಿಲ್ಲ ಕಾಣ್ತದ," ಎಂದು ನಾಹಿದ್ ಆಟೋದಲ್ಲಿ ನಕ್ಕಳು. ನಗು ಇಳಿದ ಮೇಲೆ ಮೆಲ್ಲಗೆ ಹೇಳಿದಳು: "ಆದ್ರ ಅಕ್ಕಾ, ನಮ್ಮ ಸಣ್ಣಾಕಿನ್ನ ಇನ್ನ ನಿಮ್ಮನಿಗೆ ಕಳಸಂಗಿಲ್ರಿ. ಸಿಟ್ಟಾಗಬ್ಯಾಡ್ರಿ."

ಸಂಜೆ ದೇವದುರ್ಗದ ಆಫೀಸಿನಿಂದ ಬಂದ ಗಂಡ ಅನಿಲಕುಮಾರ, ಸುದ್ದಿ ಕೇಳಿ ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಮಾಡಿದ.

"ನಮ್ಮ ಆಫೀಸಿನ ನಿಂಗರಾಜಂದು ದೇವದುರ್ಗದಾಗ ಹತ್ತಿ ಹೊಲ ಅದ. ಐತವಾರ ಬಿಟ್ಟು ಬರ್ತೀನಿ. ಹೊಲ ಕಾಯ್ಕೊಂತ ಇರ್ಲಿ."

"ಹಗಲೂ ರಾತ್ರಿ ಸರಪಳಿ ಹಾಕಿ ಕಟ್ತಾರ್ರಿ."

"ಮತ್ತ ಪಲ್ಲಂಗದ ಮ್ಯಾಲ ಮಲಗಿಸ್ತಾರನು? ನಾಳೆ ಯಾರದರೆ ಕೂಸಿಗೆ ಕಡದ್ರ ಏನ್ ಮಾಡ್ತಿ?"

ಕಾಲೇಜಿನ ಗೇಟಿನ ಹತ್ತಿರ ಸಿಕ್ಕ ಮರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ತಂದವಳು ಉಮಾದೇವಿಯೇ. ಮಂಚದ ಮೇಲೆ ಕೂತಿದ್ದ ಅತ್ತೆ ಶೇಖಮ್ಮ ಕಾಲಿನ ಹತ್ತಿರ ಮುದುಡಿದ್ದ ನಾಯಿಯ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ.

ರಾಯಚೂರಿನಲ್ಲಿ ನಾಯಿಗಳಿಗೆ ತರಬೇತಿ ಕೊಡುವ ಸಲಾವುದ್ದೀನ್ ಎಂಬವರ ನಂಬರು ಉಮಾದೇವಿಯ ಫೋನಿನಲ್ಲಿ ಬಹಳ ದಿನಗಳಿಂದ ಇತ್ತು. ಕರೆ ಮಾಡಿರಲಿಲ್ಲ. ಅವಳು ಜೀವಶಾಸ್ತ್ರದ ಉಪನ್ಯಾಸಕಿ. ಯಾವ ನಡೆಗೆ ಫಲ ಸಿಗುತ್ತದೋ ಪ್ರಾಣಿ ಅದನ್ನೇ ಮತ್ತೆ ಮಾಡುತ್ತದೆ ಎಂದು ವರ್ಷವೂ ಬೋರ್ಡಿನ ಮೇಲೆ ಬರೆಯುವವಳು ತನ್ನ ಮನೆಯ ನಾಯಿಗೆ ಮಾಸ್ತರನನ್ನು ಕರೆಸುವುದೇ?

ಚಂದು ಕಚ್ಚಿದ ಕಾರಣ ಅವಳಿಗೆ ಗೊತ್ತೇ ಇತ್ತು. ಗೇಟಿನ ಸದ್ದಾದರೆ ಚಂದು ಗುರ್ ಎನ್ನುತ್ತಿತ್ತು. ಶೇಖಮ್ಮ ಕೂಡಲೇ ರೊಟ್ಟಿ ಮುರಿದು ಅದರ ಬಾಯಿಗಿಟ್ಟು, "ಬರ್ರಿ ಬರ್ರಿ, ಏನೂ ಮಾಡಂಗಿಲ್ಲ," ಎಂದು ಬಂದವರನ್ನು ಒಳಗೆ ಕರೆಯುತ್ತಿದ್ದಳು. ಜೋರಾಗಿ ಬೊಗಳಿದರೆ ದೊಡ್ಡ ತುಣುಕು. ನಾಹಿದ್ ಬಂದ ಹೊತ್ತಿಗೆ ಒಲೆಯ ಮೇಲೆ ಹಂಚು ಇನ್ನೂ ಇಟ್ಟಿರಲಿಲ್ಲ. ಕೊಡಲು ರೊಟ್ಟಿ ಇರಲಿಲ್ಲ.

ಕೊಡಬೇಡಿ ಎಂದು ಉಮಾದೇವಿ ಹಿಂದೆ ಹೇಳಿ ನೋಡಿದ್ದಳು. "ನಿನ್ನ ಕಾಲೇಜಿನ ಪಾಠ ಹುಡುಗ್ರಿಗೆ ಹೇಳು, ನನಗ್ಯಾಕ ಹೇಳ್ತಿ?" ಎಂದಿದ್ದಳು ಅತ್ತೆ. ಆಮೇಲೆ ಸೊಸೆ ಕಾಲೇಜಿಗೆ ಹೋದ ಮೇಲೆ ಕೊಡತೊಡಗಿದಳು.

ಬೇರೆಯವರನ್ನು ಕರೆಯುವುದೆಂದರೆ ತನಗೆ ತಿಳಿಯದು ಎಂದು ಒಪ್ಪಿಕೊಂಡಂತೆ ಎಂದು ಉಮಾದೇವಿ ಇಷ್ಟು ದಿನ ಅಂದುಕೊಂಡಿದ್ದಳು. ಆದರೆ ತಿಳಿದಿದ್ದರೂ ನಾಹಿದಳ ಕಾಲಿಗೆ ಹಲ್ಲು ತಾಗುವುದು ತಪ್ಪಿರಲಿಲ್ಲ. ಮರುದಿನ ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತು ಆ ನಂಬರಿಗೆ ಕರೆ ಮಾಡಿದಳು.

ಸಲಾವುದ್ದೀನ್ ಶನಿವಾರ ರಾಯಚೂರು ಬಸ್ಸಿಗೆ ಬಂದರು. ನಾಯಿಯನ್ನು ಮುಟ್ಟಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಎಲ್ಲಾ ನಿಮಗ ಗೊತ್ತದಲ್ರೀ ಮೇಡಂ. ನಾ ಯಾಕ ಬಂದೆ ಮತ್ತ?"

"ನಾ ಹೇಳಿದ್ರ ಈ ಮನ್ಯಾಗ ನಡಿಯಂಗಿಲ್ರಿ."

"ನಮ್ಮನ್ಯಾಗೂ ನಂದೇನ್ ನಡಿತದ್ರಿ? ಬೆಕ್ಕು ಸೈತ ನಮ್ಮ ಬೇಗಂ ಮಾತ ಕೇಳ್ತದ."

ಶೇಖಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಸಲಾವುದ್ದೀನ್ ಅದೇ ಗಳಿಗೆ ಹಿಡಿದರು.

"ಯವ್ವಾ, ಒಂದು ರೊಟ್ಟಿ ತರ್ರಿ. ಕೈಯಾಗ ಹಿಡ್ಕೊರಿ. ಅದು ಕುಂದರಲಿ, ಸುಮ್ಮನಾಗಲಿ. ಅಲ್ಲೀತನ ಕಾಯಿಸ್ರಿ."

ಚಂದು ಮುಖವೆತ್ತಿ ಕುಂಯ್ ಎಂದಿತು. ಶೇಖಮ್ಮ ತಕ್ಷಣ ಕೊಟ್ಟುಬಿಟ್ಟಳು. ಇನ್ನೊಮ್ಮೆ ಮಾಡಿಸಿದರೂ ಅದೇ ಆಯಿತು.

"ಯಾಕ ಯವ್ವಾ, ಕಾಯಿಸಾಕ ಯಾಕ ಆಗವಲ್ದು?"

ಆ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶೇಖಮ್ಮ ಉಳಿದ ರೊಟ್ಟಿಯನ್ನು ನೋಡುತ್ತ ಹೇಳಿದಳು: "ಸಣ್ಣಾಕಿದ್ದಾಗ ನಮ್ಮವ್ವನ ಜೋಡಿ ಸಾವ್ಕಾರ್ರ ಮನಿಗೆ ಹೋಗ್ತಿದ್ದೆ. ಕೊಟ್ಟಿಗಿ ಬಳದು ಹೊರಗ ನಿಂದರಬೇಕು. ಒಳಗ ಎಲ್ಲಾರ ಊಟ ಆಗಿ, ಮಾತು ಮುಗದು, ನೆಪ್ಪಾದ್ರ ಎರಡು ರೊಟ್ಟಿ. ಕೂಗಿ ಕೇಳಿದ್ರ ಬೈಗಳ. ಕೈಯಾಗ ರೊಟ್ಟಿ ಹಿಡ್ಕೊಂಡು ಒಂದು ಜೀವ ಕಾಯಿಸೋದು ನನ್ನ ಕೈಲೆ ಆಗಂಗಿಲ್ಲಪ ಮಾಸ್ತರ."

ಸಲಾವುದ್ದೀನ್ ಕಪ್ಪನ್ನು ಕೆಳಗಿಟ್ಟರು. ಅವರ ಪಾಠವೆಲ್ಲ ಕಾಯಿಸುವುದರಿಂದಲೇ ಶುರುವಾಗುತ್ತಿತ್ತೇನೋ. ಉಮಾದೇವಿಯ ಕಡೆ ನೋಡಿದರು. ಅವಳು ಅತ್ತೆಯ ಮಗ್ಗುಲಲ್ಲಿ ಕೂತು ಹೇಳಿದಳು:

"ಅತ್ತೀ, ಕಾಯಿಸಬ್ಯಾಡ್ರಿ. ಅದು ಕೇಳೋಕಿಂತ ಮೊದ್ಲ ಕೊಡ್ರಿ. ಸುಮ್ಮನ ಮಲಗಿದ್ದಾಗ ಹೋಗಿ ಕೊಡ್ರಿ. ಬೊಗಳಿದಾಗ ಮಾತ್ರ ಬ್ಯಾಡ."

"ಬರೋಬ್ಬರಿ," ಎಂದರು ಸಲಾವುದ್ದೀನ್. "ಆದ್ರ ಯವ್ವಾ, ಕಡದದ್ದು ಖರೇ ಅದ. ಒಮ್ಮಿಗೇ ಹೋಗಂಗಿಲ್ಲ. ಸದ್ಯ ಗೇಟಿನಿಂದ ದೂರ ಕಟ್ರಿ. ಮಂದಿ ಬಂದ್ರ ಸುಮ್ಮನ ಹೆಂಗ ಇರಬೇಕು ಅನ್ನೋದು ನಾ ವಾರಕ್ಕೊಮ್ಮಿ ಬಂದು ಅದಕ್ಕ ಕಲಸ್ತೀನಿ."

ಶೇಖಮ್ಮ ಸೊಸೆಯ ಕಡೆ ತಿರುಗಿದಳು. "ಇಷ್ಟ ಇದ್ರ ಮೊದ್ಲ ಹೇಳಬಾರದಿತ್ತನು?"

ಹೇಳಿದ್ದೆ ಎನ್ನಲು ಉಮಾದೇವಿ ಬಾಯಿ ತೆರೆದಳು. ಯೋಚಿಸಿದರೆ, ಹೇಳಿರಲಿಲ್ಲ. ಕೊಡಬೇಡಿ ಎಂದಷ್ಟೇ ಹೇಳಿದ್ದಳು.

ಐತವಾರ ಬೆಳಗ್ಗೆ ನಿಂಗರಾಜನ ಫೋನು ಬಂತು. ಅನಿಲಕುಮಾರ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ. ಹಿತ್ತಲಿನ ಕಡೆಯ ಕಂಬಕ್ಕೆ ಕಟ್ಟಿದ್ದ ಚಂದು ಕಣ್ಣು ಮುಚ್ಚಿ ಮಲಗಿತ್ತು. ಶೇಖಮ್ಮ ಅದರ ಮೂಗಿನ ಮುಂದೆ ರೊಟ್ಟಿ ಇಟ್ಟು ಬಂದಳು. ಅದು ತಿಂದು ಮುಗಿಸುವಷ್ಟರಲ್ಲಿ ಬೀದಿಯಲ್ಲಿ ಕಾಯಿಪಲ್ಲೆಯ ಗಾಡಿ ನಿಂತಿತು, ಗೇಟು ಅಲುಗಿತು. ಚಂದು ಎದ್ದು ಹಗ್ಗ ಜಗ್ಗಿ ಬೊಗಳತೊಡಗಿತು.

ಶೇಖಮ್ಮನ ಕೈ ರೊಟ್ಟಿ ಬುಟ್ಟಿಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ನಾಯಿ ಬೊಗಳುತ್ತಲೇ ಇತ್ತು. ಅನಿಲಕುಮಾರ ನಾಯಿಯನ್ನಲ್ಲ, ತಾಯಿಯನ್ನು ನೋಡುತ್ತಿದ್ದ.

"ಇಲ್ಲಪ ನಿಂಗರಾಜ," ಎಂದ ಫೋನಿಗೆ, "ಈಗ ಕಳಸಂಗಿಲ್ಲ. ಮನ್ಯಾಗ ಇನ್ನಾ ಕಲಿಯಾಕತ್ತೀವಿ."