ಹತ್ತು ಅಂಕದ ಕಣಿವೆ

ಹದಿಮೂರನೆಯ ವಯಸ್ಸಿನಲ್ಲಿ ನಿರಂಜನ ಜ್ವರದಲ್ಲಿ ಬೇಯುತ್ತಿದ್ದ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಪ್ಪತ್ತೆರಡು ಮೈಲಿಯ ಕಣಿವೆಯನ್ನು ಒಂದೇ ಹಗಲಿನಲ್ಲಿ ದಾಟಿದ್ದ. ಬರಿಗಾಲಲ್ಲಿ. ನಡುದಾರಿಯಲ್ಲಿ ಎದುರಾದ ಕಾಡುಕೋಣ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತ್ತು. ತಂಗಿಯನ್ನು ಮಾಸ್ತಿಕಟ್ಟೆಯ ಡಾಕ್ಟರ ಕೈಗೊಪ್ಪಿಸಿ, ಅದೇ ಕಾಲಲ್ಲಿ ಹಿಂದಿರುಗಿ, ಮರುದಿನ ಶಾಲೆಯಲ್ಲಿ ಹಾಜರಿ ಕೂಗಿದಾಗ ಎದ್ದು ನಿಂತಿದ್ದ.

ಇದನ್ನು ಯಾರೂ ನಂಬಬೇಕಾಗಿರಲಿಲ್ಲ. ಬರೆದರೆ ಸಾಕಿತ್ತು. ಪದವಿ ಮೊದಲ ವರ್ಷದ ಕನ್ನಡ ಪಠ್ಯದಲ್ಲಿ ನಾಲ್ಕನೆಯ ಪಾಠ. ‘ಲೇಖಕರು ತಂಗಿಯ ಜೀವ ಉಳಿಸಿದ ಬಗೆಯನ್ನು ವಿವರಿಸಿ.’ ಹತ್ತು ಅಂಕ. ಆರು ವರ್ಷಗಳಿಂದ ಮಕ್ಕಳು ವಿವರಿಸುತ್ತಲೇ ಇದ್ದರು.

ಈಗ ಐವತ್ತೆರಡು ತುಂಬಿದ, ಸಾಗರದ ಕಾಲೇಜೊಂದರ ಕನ್ನಡ ಪ್ರಾಧ್ಯಾಪಕ ನಿರಂಜನ, ಅದೇ ಕಣಿವೆಯ ಮೊದಲ ಏರಿನ ಮೊದಲ ಕಾಲುಭಾಗದಲ್ಲಿ ಒಂದು ಮತ್ತಿಮರವನ್ನು ಅಪ್ಪಿಕೊಂಡು ನಿಂತಿದ್ದ.

“ಸರ್, ಮರ ಅಪ್ಪಿಕೊಂಡಿದ್ದು ತುಂಬ ಚೆನ್ನಾಗಿ ಬಂತು,” ಎಂದಳು ಭವ್ಯಾ. ಫೋನನ್ನು ಉದ್ದ ಕೋಲಿಗೆ ಸಿಕ್ಕಿಸಿ ಹಿಡಿದಿದ್ದಳು. ಅವನ ವಿಭಾಗಕ್ಕೆ ಹೊಸದಾಗಿ ಬಂದ ಅಧ್ಯಾಪಕಿ. “ಹಳೇ ಗೆಳೆಯನನ್ನು ಕಂಡ ಹಾಗೆ.”

ನಿರಂಜನನಿಗೆ ಉಸಿರು ಸಿಗುತ್ತಿರಲಿಲ್ಲ. ಅದನ್ನೇ ಭಾವುಕತೆ ಎಂದುಕೊಂಡಿದ್ದಾಳೆ. ಇರಲಿ ಎಂದು ಇನ್ನೂ ಸ್ವಲ್ಪ ಬಿಗಿಯಾಗಿ ಅಪ್ಪಿಕೊಂಡ.

ಇದಕ್ಕೆಲ್ಲ ಕಾರಣ ಕೋಣಂದೂರಿನ ಒಬ್ಬ ನಿವೃತ್ತ ಸರ್ವೆಯರ್. ಆ ದಾರಿಯನ್ನು ಮಗು ಹೊತ್ತ ಹುಡುಗ ಒಂದು ಹಗಲಿನಲ್ಲಿ ನಡೆಯುವುದು ಅಸಾಧ್ಯ ಎಂದು ಪಠ್ಯಪುಸ್ತಕ ಸಮಿತಿಗೆ ಪತ್ರ ಬರೆದಿದ್ದರು, ನಕ್ಷೆ ಸಮೇತ. ಸೋಮವಾರ ಸಮಿತಿಯ ಸಭೆ. ಲೇಖಕರೇ ಮತ್ತೊಮ್ಮೆ ನಡೆದು ತೋರಿಸುವ ವಿಡಿಯೊ ಕೊಟ್ಟರೆ ಪಾಠ ಉಳಿಯುತ್ತದೆ, ಇಲ್ಲದಿದ್ದರೆ ಕೈಬಿಡುತ್ತಾರೆ. ಕೈಬಿಡುವುದು ಎಂದರೇನೆಂದು ನಿರಂಜನನಿಗೆ ಮಾತ್ರ ಗೊತ್ತಿತ್ತು.

“ಇಪ್ಪತ್ತೆರಡು ಮೈಲಿ ಅಂದ್ರೆ ಮೂವತ್ತೈದು ಕಿಲೋಮೀಟರ್ ಸರ್,” ಭವ್ಯಾ ಫೋನು ನೋಡುತ್ತ ಹೇಳಿದಳು. “ಮ್ಯಾಪಲ್ಲಿ ಹದಿನೆಂಟೇ ತೋರಿಸ್ತಿದೆ.”

“ಆಗ ಉದ್ದ ಇತ್ತು.”

“ಕಣಿವೆ?”

“ದಾರಿ. ಸುತ್ತುಬಳಸು.”

ಮುಂದೆ ಹೋಗುತ್ತಿದ್ದ ಪುಟ್ಟಪ್ಪ ತಿರುಗಿ ನೋಡಲಿಲ್ಲ. ದಾರಿ ತೋರಿಸಲು ಭವ್ಯಾ ಗೊತ್ತುಮಾಡಿದ್ದ ಮುದುಕ, ಎಪ್ಪತ್ತರ ಆಸುಪಾಸು. ಹವಾಯಿ ಚಪ್ಪಲಿ, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಸೊಂಟದಲ್ಲಿ ಕತ್ತಿ. ಅವನ ಹೆಜ್ಜೆಗೆ ಸದ್ದೇ ಇರಲಿಲ್ಲ. ನಿರಂಜನನ ಹೊಸ ಬೂಟಿನ ಕಿರುಗುಟ್ಟುವಿಕೆ ಮಾತ್ರ ಇಡೀ ಹೊಸನಗರ ತಾಲ್ಲೂಕಿಗೆ ಕೇಳುವಂತಿತ್ತು.

ಏರು ಎಂದರೆ ಸಾಮಾನ್ಯ ಏರಲ್ಲ. ಹನುಮಂತನಾದರೂ ಎರಡು ಸಲ ಕೂತು ಬೀಡಿ ಸೇದಿ ಏಳಬೇಕಾದ ಏರು. ಮಾಘದ ಬಿಸಿಲಿಗೆ ತರಗೆಲೆ ಕಾಲಡಿಯಲ್ಲಿ ಜಾರುತ್ತಿತ್ತು. ಬೆಳಿಗ್ಗೆ ಪುಟ್ಟಪ್ಪ ಮಂಗನ ಕಾಯಿಲೆ ತಡೆಯುವ ಎಣ್ಣೆಯ ಬಾಟಲಿ ಕೊಟ್ಟು, “ಉಣುಗು ಹತ್ತೋ ಕಾಲ ಸಾರ್, ಕಾಲಿಗೆ ಹಚ್ಕಳಿ” ಎಂದಿದ್ದ. ನಿರಂಜನ, “ನಾನು ಈ ಕಾಡಿನವನೇ, ನನ್ನನ್ನು ಯಾವ ಉಣುಗೂ ಮುಟ್ಟೋದಿಲ್ಲ” ಎಂದು ಬಾಟಲಿ ಹಿಂದಿರುಗಿಸಿದ್ದ. ಈಗ ತೊಡೆಯ ಸಂದಿಯಲ್ಲಿ ಏನೋ ಹರಿದಾಡುತ್ತಿತ್ತು. ಭವ್ಯಾ ಎದುರಿಗೆ ಕೆರೆದುಕೊಳ್ಳುವಂತಿರಲಿಲ್ಲ.

ಮೊದಲ ದಿಂಬದ, ಎಂದರೆ ಗುಡ್ಡದ, ನೆತ್ತಿ ಬಂತು. ಅಲ್ಲಿಂದಾಚೆ ಕಾಡು ದಟ್ಟವಾಗಿ, ಹಗಲಲ್ಲೇ ಕಪ್ಪಾಗಿ ಕೆಳಗಿಳಿಯುತ್ತಿತ್ತು. ನಿರಂಜನ ನಿಂತುಬಿಟ್ಟ.

“ಯಾಕೆ ಸರ್?”

“ಏನಿಲ್ಲ.”

“ನೆನಪಾಯ್ತಾ?”

“ಹ್ಞೂಂ.”

“ಏನು?”

“ಕಾಡುಕೋಣ,” ಎಂದ. ಬಾಯಿಗೆ ಬಂದದ್ದು ಅದೇ. ಆರು ವರ್ಷಗಳಿಂದ ಬಾಯಿಗೆ ಬರುತ್ತಿದ್ದದ್ದೂ ಅದೇ.

“ನಮ್ ಮೊಮ್ಮಗಳು ತನುಜಾ ನಿಮ್ ಪಾಠ ಪೂರ್ತಿ ಬಾಯಿಪಾಠ ಮಾಡ್ಯಾಳೆ ಸಾರ್,” ಎಂದ ಪುಟ್ಟಪ್ಪ, ಮೊದಲ ಬಾರಿಗೆ ಮಾತಾಡುವ ಉಮೇದಿನಲ್ಲಿ. “ಮೂರ್ ಹೊತ್ತೂ ಅದೇಯ. ಕೋಣದ ಜಾಗ ಬಂದಾಗ ನಮ್ಮನೆ ನಾಯೀನೂ ಬೊಗಳ್ತದೆ. ಹತ್ತಕ್ಕೆ ಏಳು ಬಂತು. ಮೂರು ಯಾಕ್ ಕಡಿದ್ರೋ ಏನೋ.”

“ನಾನಾದರೆ ಹತ್ತೂ ಕೊಡ್ತಿದ್ದೆ,” ಎಂದ ನಿರಂಜನ.

“ನಿಮ್ ತಂಗಿ ಈಗ ಎಲ್ಲವ್ರೆ ಸಾರ್?”

“ಮಸ್ಕತ್‌ನಲ್ಲಿ.”

ಭವ್ಯಾ ಹುಬ್ಬೇರಿಸಿದಳು. “ನನಗೆ ದುಬೈ ಅಂದಿದ್ರಲ್ಲ?”

“ಈಗ ಮಸ್ಕತ್. ಗಂಡನಿಗೆ ವರ್ಗ.”

ತಂಗಿ ಸುಮನಾಳಿಗೆ ಅವನು ಗಂಡನನ್ನು ಕೊಟ್ಟು ನಾಲ್ಕು ವರ್ಷವಾಗಿತ್ತು. ಎರಡು ಮಕ್ಕಳನ್ನು ಕೊಟ್ಟು ಮೂರು. ಒಮ್ಮೆ ತೀರ್ಥಹಳ್ಳಿಯ ಸಭೆಯೊಂದರಲ್ಲಿ ಯಾರೋ ಹೆಂಗಸು, “ತಂಗಿಯವರಿಗೆ ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ, ಆ ಜ್ವರ ಬಂದೋರಿಗೆ ಆಮೇಲೆ ಬರ್ತದೆ” ಎಂದು ಕೇಳಿದಾಗ, ಸ್ವಲ್ಪ ಇದೆ ಎಂದಿದ್ದ. ಆ ದಿನ ಮನೆಗೆ ಬಂದವನಿಗೆ ನಿಜವಾಗಿಯೂ ಚಿಂತೆಯಾಗಿತ್ತು. ಹೆಂಡತಿ ಆಶಾ ಯಾಕೆ ಊಟ ಸೇರಲಿಲ್ಲ ಎಂದು ಕೇಳಿದಳು. ಅವನು ಹೇಳಲಿಲ್ಲ. ಆಶಾ ಅವನು ಬರೆದದ್ದನ್ನು ಓದುವವಳಲ್ಲ; ಮದುವೆಯ ಹೊಸದರಲ್ಲಿ ಒಂದು ಕವಿತೆ ಓದಿ ನಿಲ್ಲಿಸಿದ್ದಳು.

ಅಲ್ಲಿಂದ ಎರಡು ತಾಸು ಇಳಿಜಾರು. ಹಳ್ಳದ ಪಾಚಿಗಲ್ಲುಗಳ ಮೇಲೆ ನಿರಂಜನ ಮೂರು ಸಲ ಬಿದ್ದ. ಮೂರನ್ನೂ ಬೇಕೆಂದೇ ಕುಳಿತಂತೆ ಮಾಡಿ ತೋರಿಸಿದ. ಮತ್ತೆ ಏರು. ತೊಡೆಗಳು ಬೇರೆಯವರದಾದವು. ಈ ಕಾಲುಗಳನ್ನು ಎಲ್ಲಿಂದಲೋ ಕಡ ತಂದು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಸಂಜೆ ಹಿಂದಿರುಗಿಸಬೇಕು ಎನಿಸಿತು. ತನ್ನ ಪಾಠದ ಹುಡುಗನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಆ ಹುಡುಗ ‘ಚಿಗರೆಯಂತೆ’ ಏರಿದ್ದ. ಆ ಪದ ಬರೆದದ್ದು ಫ್ಯಾನಿನ ಕೆಳಗೆ ಕುಳಿತು.

ಎರಡನೆಯ ದಿಂಬದ ಕಣಿಯಲ್ಲಿ, ಎರಡು ಬಂಡೆಗಳ ನಡುವೆ ದಾರಿ ಕಿರಿದಾಗುವಲ್ಲಿ, ಮೊಣಕಾಲೆತ್ತರದ ಒಂದು ಎಲೆಗುಡ್ಡೆ ಕಂಡಿತು. ಅಡಿಯಲ್ಲಿ ಮಣ್ಣಾದ ಎಲೆ, ಮೇಲೆ ಒಣಗಿದ ಟೊಂಗೆ, ತುದಿಯಲ್ಲಿ ಬಾಡಿದ ಸೊಪ್ಪು. ಮೆತ್ತಗೆ ಹಾಸಿಗೆಯಂತಿತ್ತು. ನಿರಂಜನನ ಕಾಲು ಅವನನ್ನು ಕೇಳಲಿಲ್ಲ. ಹೋಗಿ ಅದರ ಮೇಲೆ ಕುಕ್ಕರಿಸಿದ. ಭವ್ಯಾಳ ಕೋಲು ತನ್ನತ್ತ ತಿರುಗಿದ್ದನ್ನು ಕಂಡು ಮುಖ ಸರಿಮಾಡಿಕೊಂಡ.

“ಇದೇ ಜಾಗ,” ಎಂದ, ತರಗತಿಯ ದನಿಯಲ್ಲಿ. “ಇಲ್ಲಿಯೇ ಸುಮನಾಳನ್ನು ಬೆನ್ನಿನಿಂದ ಇಳಿಸಿ ಮಲಗಿಸಿದ್ದೆ. ಪ್ರಕೃತಿಯೇ ಅವಳಿಗಾಗಿ ಹಾಸಿದ ಹಾಸಿಗೆ.”

ಪುಟ್ಟಪ್ಪ ಹತ್ತಿರ ಬಂದ.

“ಏಳಿ ಸಾರ್.”

“ಒಂದು ನಿಮಿಷ ಪುಟ್ಟಪ್ಪ.”

“ಏಳಿ ಮಾರಾಯ್ರೆ.”

ದನಿ ಜೋರಾಗಿರಲಿಲ್ಲ. ನಿರಂಜನ ಎದ್ದ. ಮುದುಕ ಅವನ ಬೂಟು ಕೆದರಿದ ಎಲೆಗಳನ್ನು ಕೈಯಿಂದ ಒಟ್ಟುಮಾಡಿ, ಪಕ್ಕದ ಗಿಡದಿಂದ ಒಂದು ಹಸಿರು ಕುಡಿ ಮುರಿದು ಮೇಲಿಟ್ಟ. ಭವ್ಯಾಳಿಗೂ ಒಂದು ಮುರಿದು ಕೊಟ್ಟ. ಅವಳು ಇಟ್ಟಳು.

“ಸೊಪ್ಪಿನ ಗುಡ್ಡೆ ಇದು. ಕಣಿ ದಾಟೋರು ಒಂದೊಂದು ಕುಡಿ ಹಾಕಿ ಹೋಗ್ಬೇಕು. ಆವಾಗೆಲ್ಲ ಆಳೆತ್ತರ ಇತ್ತು, ದಿನಾ ಜನ ಓಡಾಡ್ತಿದ್ರಲ್ಲ. ಈಗ ಯಾರು ಬತ್ತಾರೆ?”

“ಸರ್, ಇದು ಪಾಠದಲ್ಲಿ ಇಲ್ಲವಲ್ಲ?” ಎಂದಳು ಭವ್ಯಾ.

“ನಾನು ಒಬ್ಬನೇ ಬಂದದ್ದು,” ಎಂದ ನಿರಂಜನ. “ನನಗೆ ಹೇಳುವವರು ಯಾರಿದ್ದರು?”

“ಅದೂ ನಿಜವೇ ಸೈ,” ಎಂದ ಪುಟ್ಟಪ್ಪ. ಲುಂಗಿಗೆ ಕೈ ಒರೆಸಿಕೊಂಡ. “ಆದ್ರೆ ಇದರ ಮ್ಯಾಲೆ ಬದುಕಿದೋರನ್ನ ಮಲಗ್ಸಲ್ಲ ಸಾರ್. ಆಚೆಯಿಂದ ಹೆಣ ಹೊತ್ಕಂಡು ಬಂದ್ರೆ ಮಾತ್ರ ಹೆಗಲು ಬದ್ಲಾಯಿಸಾಕೆ ಒಂದ್ಗಳಿಗೆ ಇಳಿಸ್ತಿದ್ರು. ಅಷ್ಟೇಯ.”

ದೂರದಲ್ಲಿ ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು.

“ಆ ಕ್ಲಿಪ್ ತೆಗೆದುಬಿಡಿ,” ಎಂದ ನಿರಂಜನ.

“ಯಾಕೆ ಸರ್? ಬೆಳಕು ಚೆನ್ನಾಗಿತ್ತು.”

“ತೆಗೆಯಿರಿ ಅಂದೆ.”

ಇಳಿಯುವಾಗ ಅವನು ಎಲ್ಲರಿಗಿಂತ ಮುಂದೆ ನಡೆದ, ದಾರಿ ಗೊತ್ತಿರುವವನಂತೆ. ದಾರಿ ತಾನಾಗಿಯೇ ಕಾಲಿಗೆ ಸಿಗುತ್ತಿತ್ತು. ಎಷ್ಟು ಸಲೀಸು! ಆಚೆ ಬದಿಯ ಇಳಿಜಾರಿನಲ್ಲಿ ಕಲ್ಲು ಕಟ್ಟಿದ ಮೆಟ್ಟಿಲುಗಳಿದ್ದವು. ತಿರುವಿನಲ್ಲಿ ಹೊರೆ ಇಳಿಸುವ ಕಲ್ಲುಕಟ್ಟೆಯಿತ್ತು. ಪಾಠದಲ್ಲಿ ಈ ಭಾಗವನ್ನು ಅವನು ‘ಒಂದು ನರಪಿಳ್ಳೆಯೂ ಸುಳಿಯದ ಘೋರಾರಣ್ಯ’ ಎಂದು ಬರೆದಿದ್ದ. ಆ ವಾಕ್ಯದ ಮೇಲೆ ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆ ಎರಡು ಸಲ ಬಂದಿತ್ತು.

ನಾಲ್ಕೂವರೆಗೆ ಕಾಡು ಮುಗಿದು ನೀರು ಶುರುವಾಯಿತು. ಮಾಣಿ ಅಣೆಕಟ್ಟಿನ ಹಿನ್ನೀರು. ಇತ್ತ ಕೆಂಪು ಮಣ್ಣಿನ ಬೋಳು ದಂಡೆ, ನಡುವೆ ಸತ್ತ ಮರಗಳ ಬುಡಗಳು, ಆಚೆ ಮಾಸ್ತಿಕಟ್ಟೆಯ ಕಡೆಯ ಬೆಟ್ಟ. ಮೆಟ್ಟಿಲುದಾರಿ ದಂಡೆ ಇಳಿದು ಯಾವ ಅನುಮಾನವೂ ಇಲ್ಲದೆ ನೇರ ನೀರೊಳಗೆ ಹೋಗಿತ್ತು.

“ನೀವು ದಾಟಿದಾಗ ಇದಿರಲಿಲ್ಲ ಅಲ್ವಾ ಸರ್?”

“ಇರಲಿಲ್ಲ. ಅಣೆಕಟ್ಟು ಮುಗಿದದ್ದು ಆಮೇಲೆ. ಬರೀ ಕಾಡಿತ್ತು.”

ಪುಟ್ಟಪ್ಪ ದಂಡೆಯ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಎಲೆ ಅಡಿಕೆ ಬಿಚ್ಚಿದ.

“ಕಾಡಲ್ಲ ಸಾರ್. ಊರು. ನಮ್ಮದು ಹದಿನೇಳು ಮನೆ ಇತ್ತು ಅಲ್ಲಿ.” ಸುಣ್ಣದ ಬೆರಳನ್ನು ನೀರಿನತ್ತ ಚಾಚಿದ. “ಆ ಬೊಡ್ಡೆ ಕಾಣ್ತದಲ್ಲ, ಅದು ನಮ್ಮನೆ ಹಲಸು. ದಾರಿ ನಮ್ಮ ಅಂಗಳದ ಮೇಲೇ ಹೋಗ್ತಿತ್ತು. ತನುಜಾ ಕೇಳ್ತಾಳೆ, ಅಜ್ಜಾ, ಪಾಠದಾಗೆ ನಿಮ್ಮನೆ ಯಾಕಿಲ್ಲ ಅಂತ. ನಾನೆಂದೆ, ಮಗುಗೆ ಜ್ವರ ಅಲ್ವನೇ, ಪಾಪ ಆ ಹುಡುಗ ಆಚೀಚೆ ನೋಡಿರಲ್ಲ ಅಂತ.”

ನಿರಂಜನ ನೀರನ್ನೇ ನೋಡುತ್ತಿದ್ದ.

“ನೋಡದಿದ್ರೂ ನಮ್ಮವ್ವ ದುಗ್ಗಮ್ಮ ಬಿಡ್ತಿರಲಿಲ್ಲ,” ಎಂದ ಪುಟ್ಟಪ್ಪ, ಅಡಿಕೆ ಅಗಿಯುತ್ತ. “ಜಗಲೀಲಿ ಕೂತಿರೋಳು. ಹೋಗೋರನ್ನೆಲ್ಲ ಕರೆದು, ಎಂತ, ಎಲ್ಲಿಗೆ, ಯಾರ ಮನೆಯೋನು ಅಂತ ಕೇಳಿ ಬೆಲ್ಲ ನೀರು ಕೊಡೋಳು. ಜ್ವರದ ಮಗು, ಒಂಟಿ ಹುಡುಗ ಅಂದ್ರೆ ಊರೇ ಏಳ್ತಿತ್ತು ಸಾರ್. ಕಂಬಳಿ ಜೋಲಿ ಕಟ್ಟಿ ನಾವು ನಾಕ್ ಜನ ಹೊತ್ಕಂಡು ಓಡ್ತಿದ್ವಿ. ಇಲ್ಲಿಂದ ಮಾಸ್ತಿಕಟ್ಟೆ ಒಂದು ತಾಸು ಇರ್ಲಿಲ್ಲ.”

“ಒಂದು ತಾಸು,” ಎಂದ ನಿರಂಜನ.

“ಅಷ್ಟೂ ಬ್ಯಾಡ.”

ಅವನು ಕೆಳಗೆ ಕುಳಿತ. ಈ ಸಲ ಬೇಕೆಂದು ಕುಳಿತಂತೆ ತೋರಿಸಲಿಲ್ಲ.

“ನಾನು ಬರಲೇ ಇಲ್ಲ,” ಎಂದ.

ಭವ್ಯಾ ಕೋಲು ಇಳಿಸಿದಳು.

“ಅಪ್ಪ ಊರಲ್ಲಿರಲಿಲ್ಲ. ಡಾಕ್ಟರನ್ನು ಕರೆದುಕೊಂಡು ಬಾ ಅಂತ ಅಮ್ಮ ನನ್ನೊಬ್ಬನನ್ನೇ ಕಳಿಸಿದಳು. ಸುಮನಾ ಮನೆಯಲ್ಲೇ ಇದ್ದಳು. ಮೊದಲ ದಿಂಬದ ತನಕ ಬಂದೆ. ಅಲ್ಲಿಂದಾಚೆ ಕತ್ತಲೆ ಕಂಡಿತು. ಏನೋ ಉಸಿರುಬಿಟ್ಟ ಹಾಗಾಯಿತು. ಕೋಣವೋ ಏನೋ. ಏನೂ ಇರಲಿಲ್ಲವೋ ಏನೋ. ಮಧ್ಯಾಹ್ನದ ತನಕ ಅಲ್ಲೇ ಕೂತಿದ್ದೆ. ಆಮೇಲೆ ಮನೆಗೆ ಹೋಗಿ, ಹೋಗಿದ್ದೆ, ಡಾಕ್ಟರಿಲ್ಲ ಅಂದೆ. ಏಳು ವರ್ಷ ಅವಳಿಗೆ. ಮಾರನೆ ದಿನ ಬೆಳಿಗ್ಗೆ ಹೋದಳು. ಅಮ್ಮ ಸಾಯುವ ತನಕ ಎಲ್ಲರ ಹತ್ತಿರವೂ ಹೇಳಿದಳು, ನನ್ನ ಮಗ ಅಷ್ಟು ದೂರ ನಡೆದು ಬಂದ ಅಂತ.”

ಪುಟ್ಟಪ್ಪ ಅಗಿಯುವುದನ್ನು ನಿಲ್ಲಿಸಿದ್ದ. ಪಕ್ಕಕ್ಕೆ ತಿರುಗಿ ದೂರಕ್ಕೆ ಉಗುಳಿದ.

“ಪಾಠ ಬರೆಯುವಾಗಲೂ ಅವಳನ್ನು ಸಾಯಿಸಬೇಕು ಅಂತಲೇ ಇದ್ದೆ,” ಎಂದ ನಿರಂಜನ ಭವ್ಯಾಳಿಗೆ. “ಕೊನೆಯ ಪುಟದಲ್ಲಿ ಕೈ ಬರಲಿಲ್ಲ.”

ಭವ್ಯಾಳ ಕಣ್ಣು ಒದ್ದೆಯಾಗಿತ್ತು. ಅದು ಅವನಿಗೆ ಸಮಾಧಾನ ತಂದಿತು. ಇನ್ನು ಬೈಯುತ್ತಾಳೆ, ಸಮಿತಿಗೆ ಹೇಳುತ್ತಾಳೆ, ಎಲ್ಲ ಮುಗಿಯುತ್ತದೆ.

“ಸರ್, ಇದು ರೆಕಾರ್ಡ್ ಆಗಿಲ್ಲ,” ಎಂದಳು ಕೊನೆಗೆ. “ನಾನು ಆಫ್ ಮಾಡಿದ್ದೆ.”

“ಆನ್ ಮಾಡಿ. ಮತ್ತೆ ಹೇಳುತ್ತೇನೆ.”

“ಬೇಡ ಸರ್. ಮುಂದಿನ ವರ್ಷದ ಪುಸ್ತಕ ಸೋಮವಾರ ಸಭೆ ಮುಗಿದ ಕೂಡಲೇ ಪ್ರಿಂಟಿಗೆ ಹೋಗುತ್ತೆ. ಪ್ರಶ್ನೆಪತ್ರಿಕೆಯೂ ರೆಡಿ. ತಂಗಿ ಸತ್ತಳು ಅಂತ ಬರೆದ ಮಕ್ಕಳಿಗೆ ನಾವು ಅಂಕ ಕೊಡೋಕಾಗುತ್ತಾ?” ಮೂಗು ಒರೆಸಿಕೊಂಡಳು. “ಬೆಳಕು ಹೋಗ್ತಾ ಇದೆ. ದಾರಿ ಇಳಿಯೋ ಒಂದು ಶಾಟ್ ಕೊಟ್ಟುಬಿಡಿ, ಸಾಕು. ಹಿಂದಿನಿಂದ ತೆಗೀತೀನಿ, ಮುಖ ಬರಲ್ಲ. ಏನು ಬೇಕಾದ್ರೂ ಮಾತಾಡ್ಕೊಳ್ಳಿ, ದನಿ ತೆಗೆದು ಸಂಗೀತ ಹಾಕ್ತೀನಿ.”

ನಿರಂಜನ ಎದ್ದ. ಮೆಟ್ಟಿಲು ಇಳಿದ. ನೀರು ಬೂಟಿನೊಳಗೆ ತಣ್ಣಗೆ ನುಗ್ಗಿತು. ಕೆಳಗೆ ಕಲ್ಲುಗಳು ದಂಡೆಯ ಮೇಲಿದ್ದುದಕ್ಕಿಂತ ಸ್ಪಷ್ಟವಾಗಿ, ಒಂದರ ಮುಂದೊಂದು ಕಾಣುತ್ತಿದ್ದವು.

“ನಾನು ಹೋಗಲಿಲ್ಲ,” ಎಂದ, ಜೋರಾಗಿ, ಆಚೆ ಬೆಟ್ಟಕ್ಕೆ ಕೇಳುವಂತೆ.

“ಚೆನ್ನಾಗಿದೆ ಸರ್. ಮುಂದೆ.”

ಮೊಣಕಾಲಿಗೆ ಬಂತು.

“ಡಾಕ್ಟರಿದ್ದರು. ನಾನು ಹೋಗಲಿಲ್ಲ.”

“ಇನ್ನು ಸ್ವಲ್ಪ.”

“ಅಲ್ಲಿಂದಾಚೆ ನಮ್ಮ ಅಂಗಳ ಸಾರ್,” ಎಂದ ಪುಟ್ಟಪ್ಪ ದಂಡೆಯಿಂದ, ಎದ್ದು ನಿಂತು. “ಆಳ ಅದೆ.”

ಸೊಂಟದ ನೀರಿನಲ್ಲಿ ನಿರಂಜನ ಬಲಗಾಲನ್ನು ಮುಂದೆ ಚಾಚಿ ತಡವಿದ. ಕಲ್ಲು ಸಿಕ್ಕಿತು. ಅದರಾಚೆ ಇನ್ನೊಂದು.

“ಸೂಪರ್ ಸರ್,” ಎಂದಳು ಭವ್ಯಾ. “ಇನ್ನೊಂದೇ ಹೆಜ್ಜೆ.”